ಪರವೂರಿನ ಕಡಲ ಕರೆಯಲ್ಲಿ: ಕಾನೂನು ಮತ್ತು ಕ್ರಮ



ಇವತ್ತು ನಾನು ಮಾತಾಡಲು ಆರಿಸಿಕೊಂಡ ವಿಷಯ ಸ್ವಲ್ಪ ಸಂಕೋಚದ್ದು. ಹಿರಿಯರು, ಮಕ್ಕಳು ಎಲ್ಲರೂ ಕೂತು ರೇಡಿಯೋ ಕೇಳುವ ಹೊತ್ತಿನಲ್ಲಿ ಇದನ್ನು ಹೇಳಬಹುದೇ ಎಂದು ನಾನೂ ಎರಡು ದಿನ ಯೋಚಿಸಿದೆ. ಕೊನೆಗೆ ಹೇಳುವುದೇ ಸರಿ ಎಂದು ತೋರಿತು. ವಿದೇಶಗಳ ಕಡಲ ಕರೆಯಲ್ಲಿ ಹೆಂಗಸರು ಸೊಂಟದಿಂದ ಮೇಲೆ ಬಟ್ಟೆಯಿಲ್ಲದೆ ಬಿಸಿಲಿಗೆ ಮೈಯೊಡ್ಡಿ ಮಲಗುವ ಕ್ರಮ ಉಂಟು. ಟಾಪ್‌ಲೆಸ್ ಎಂದು ಅದಕ್ಕೆ ಹೇಳುತ್ತಾರೆ. ಯಾವ ದೇಶದಲ್ಲಿ ಇದಕ್ಕೆ ಒಪ್ಪಿಗೆ ಉಂಟು, ಯಾವ ದೇಶದಲ್ಲಿ ಇದು ಅಪರಾಧ, ಅಂಥ ಕಡೆಗೆ ಹೋದ ನಾವು ಹೇಗೆ ನಡೆದುಕೊಳ್ಳಬೇಕು ಎಂಬುದೇ ಇಂದಿನ ಮಾತು.

"ಇದೆಲ್ಲ ನಮಗೆ ಯಾಕೆ ಮಾರಾಯರೇ?" ಎಂದು ನೀವು ಕೇಳಬಹುದು. ಒಂದು ಕಾಲದಲ್ಲಿ ನಮ್ಮ ಕಾಸರಗೋಡು ತಾಲೂಕಿನವರಿಗೆ ಬೊಂಬಾಯಿಯೇ ಪರದೇಶ. ಈಗ ಹಾಗಲ್ಲ. ಮಗ ದುಬಾಯಿಯಲ್ಲಿ, ಮಗಳು ಜರ್ಮನಿಯಲ್ಲಿ, ಅಣ್ಣನ ಮಗ ಹಡಗಿನಲ್ಲಿ, ನೆರೆಮನೆಯ ಹುಡುಗಿ ಮಾಲ್ದೀವ್ಸಿನಲ್ಲಿ ಟೀಚರು. ಮಗಳ ಬಾಣಂತನಕ್ಕೆಂದು ಅರುವತ್ತು ದಾಟಿದ ಗಂಡ ಹೆಂಡತಿ ವಿಮಾನ ಹತ್ತುತ್ತಾರೆ. ಉಪ್ಪಿನಕಾಯಿ, ಹಪ್ಪಳ, ಬಾಣಂತಿ ಲೇಹ್ಯ ಎಲ್ಲ ಕಟ್ಟಿಕೊಂಡು ಹೋಗುತ್ತೇವೆ. ಆದರೆ ಅಲ್ಲಿಯ ಕ್ರಮ ಏನು ಎಂದು ಕೇಳಿಕೊಂಡು ಹೋಗುವುದಿಲ್ಲ. ಹಾಗೆ ಹೋಗಿ ತಪ್ಪು ಮಾಡಿದವರಲ್ಲಿ ನಾನೂ ಒಬ್ಬ. ಆ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಹೆಚ್ಚು ಓದಿದವನಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು, ಗುಮಾಸ್ತನಾಗಿಯೇ ನಿವೃತ್ತನಾದೆ. ಮಗಳು, ಅಳಿಯ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿದ್ದಾರೆ. 2023ರ ಬೇಸಗೆಯಲ್ಲಿ ನಾನೂ ನನ್ನ ಮನೆಯವಳೂ ಅಲ್ಲಿಗೆ ಹೋಗಿದ್ದೆವು. ಒಂದು ಭಾನುವಾರ ರೈಲಿನಲ್ಲಿ ರಾಸ್ಟಾಕ್ ಪಟ್ಟಣಕ್ಕೆ ಹೋಗಿ, ಅಲ್ಲಿಂದ ಮತ್ತೊಂದು ರೈಲು ಹಿಡಿದು ವಾರ್ನೆಮ್ಯುಂಡೆ ಎಂಬ ಕಡಲ ಕರೆಗೆ ಹೋದೆವು. ಬಾಲ್ಟಿಕ್ ಸಮುದ್ರ. ನಮ್ಮ ಬೇಕಲದಂತೆ ಅಗಲವಾದ ಬಿಳಿ ಮರಳು, ದೊಡ್ಡ ದೀಪಸ್ತಂಭ, ಬೆತ್ತದಿಂದ ಹೆಣೆದ ಛಾವಣಿಯ ಕುರ್ಚಿಗಳು. ನಾಲ್ಕು ವರ್ಷದ ಮೊಮ್ಮಗ ಮರಳಿನ ಗುಡ್ಡ ಕಟ್ಟಲು ಕೂತ. ನಾನು ಮೊಬೈಲು ತೆಗೆದು ಅವನ ಫೋಟೋ ಹಿಡಿದೆ. ಒಂದಲ್ಲ, ಏಳೆಂಟು.

ಸ್ವಲ್ಪ ಹೊತ್ತಿಗೆ ಒಬ್ಬರು ಹೆಂಗಸು ಟವೆಲು ಹೊದ್ದುಕೊಂಡು ನಮ್ಮ ಹತ್ತಿರ ಬಂದರು. ವಯಸ್ಸು ನನ್ನ ಮನೆಯವಳಷ್ಟೇ. ನನ್ನ ಮೊಬೈಲಿನ ಕಡೆ ಕೈ ತೋರಿಸಿ ಗಟ್ಟಿಯಾಗಿ ಏನೋ ಹೇಳಿದರು. ನನಗೆ ಭಾಷೆ ತಿಳಿಯಲಿಲ್ಲ, ಸಿಟ್ಟು ತಿಳಿಯಿತು. ಮಗಳ ಮುಖ ಕೆಂಪಾಯಿತು. "ಅಪ್ಪ, ಫೋಟೋ ತೋರಿಸಿ" ಎಂದಳು. ತೋರಿಸಿದೆ. ಮೊಮ್ಮಗನ ಹಿಂದೆ, ಹತ್ತು ಮಾರು ದೂರದಲ್ಲಿ, ಆ ಹೆಂಗಸೂ ಅವರ ಜತೆಯವರೂ ಮೇಲೆ ಬಟ್ಟೆಯಿಲ್ಲದೆ ಮಲಗಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ದೃಷ್ಟಿ ಹುಡುಗನ ಮೇಲೆ ಇದ್ದದ್ದು ನಿಜ. ಆದರೆ ಅವರಿಗೆ ಅದು ಹೇಗೆ ಗೊತ್ತಾಗಬೇಕು? ಅಪರಿಚಿತ ಗಂಡಸೊಬ್ಬ ತಮ್ಮ ದಿಕ್ಕಿಗೆ ಮೊಬೈಲು ಹಿಡಿದು ನಿಂತದ್ದಷ್ಟೇ ಅವರಿಗೆ ಕಂಡದ್ದು.

ನಾನು ಕೈ ಮುಗಿದು ಸಾರಿ ಎಂದೆ. ಅವರ ಎದುರಿಗೇ ಎಲ್ಲ ಫೋಟೋ ಅಳಿಸಿದೆ. ಅಳಿಸಿದ್ದು ಹೋಗಿ ಕೂರುವ ಇನ್ನೊಂದು ಜಾಗ ಮೊಬೈಲಿನಲ್ಲಿ ಉಂಟಲ್ಲ, ಅಲ್ಲಿಂದಲೂ ತೆಗೆಯುವವರೆಗೆ ಅವರು ನಿಂತಿದ್ದರು. ಮತ್ತೆ ತಲೆಯಾಡಿಸಿ ಹೋದರು. ನಾನು ಆ ಫೋಟೋಗಳನ್ನು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸುವವನಿದ್ದೆ. ಅದರಲ್ಲಿ ನಲುವತ್ತಕ್ಕಿಂತ ಹೆಚ್ಚು ಜನ ಇದ್ದಾರೆ. ಒಬ್ಬರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಹಂಚುವಂತಿಲ್ಲ ಎಂದು ಜರ್ಮನಿಯಲ್ಲಿ 1907ರಿಂದಲೇ ಕಾನೂನು ಉಂಟಂತೆ. ಅಳಿಯ ರೈಲಿನಲ್ಲಿ ಮೆಲ್ಲಗೆ ಹೇಳಿದ, "ಮಾವ, ಅವರು ಪೊಲೀಸರನ್ನು ಕರೆಯಬಹುದಿತ್ತು." ಮೂವತ್ತಕ್ಕೂ ಹೆಚ್ಚು ವರ್ಷ ಕೌಂಟರಿನಲ್ಲಿ ಕೂತು, "ನಿಯಮ ಗೊತ್ತಿರಲಿಲ್ಲ" ಎಂದವರಿಗೆಲ್ಲ "ಗೊತ್ತಿಲ್ಲ ಎಂದರೆ ಆಗುವುದಿಲ್ಲ" ಎಂದು ಹೇಳಿದವನು ನಾನು. ಆ ದಿನ ನನ್ನ ಮಾತು ನನಗೇ ತಿರುಗಿ ಬಂತು.

ಆವತ್ತು ರಾತ್ರಿ ನನ್ನ ಮನೆಯವಳು ಒಂದು ಮಾತು ಹೇಳಿದಳು. "ನಮ್ಮ ತವರಿನಲ್ಲಿ ಹೆಂಗಸರು ಕೆರೆಯಲ್ಲಿ ಮೀಯುವ ಹೊತ್ತಿಗೆ ಗಂಡಸರು ಆ ದಾರಿಯಲ್ಲಿ ಬರುತ್ತಿರಲಿಲ್ಲ. ಬರಲೇಬೇಕಾದರೆ ದೂರದಿಂದಲೇ ಕೆಮ್ಮುತ್ತಿದ್ದರು, ಮುಖ ಆಚೆ ಮಾಡಿ ದಾಟುತ್ತಿದ್ದರು. ನೀವು ಅಲ್ಲಿಗೆ ಹೋದ ಕೂಡಲೇ ಅದನ್ನು ಮರೆತಿರಿ." ಕೆರೆಯ ಬುಡದಲ್ಲಿ ಬೋರ್ಡು ಇರಲಿಲ್ಲ, ಪೊಲೀಸರು ಇರಲಿಲ್ಲ. ಆದರೂ ಆ ಕ್ರಮ ಎಲ್ಲರಿಗೂ ಗೊತ್ತಿತ್ತು. ಜರ್ಮನಿಯ ಕಡಲ ಕರೆಯಲ್ಲೂ ಹಾಗೆಯೇ. ಹೆಂಗಸರು ಬಟ್ಟೆ ತೆಗೆದು ಮಲಗಿದರೆ ಅದು ನೋಡುವವರನ್ನು ಕರೆದಂತಲ್ಲ. ಅಲ್ಲಿಯವರು ನೋಡುವುದೂ ಇಲ್ಲ. ಪಕ್ಕದಲ್ಲೇ ಮುದುಕರು ಪೇಪರು ಓದುತ್ತಾರೆ, ಮಕ್ಕಳು ಚೆಂಡಾಡುತ್ತಾರೆ. ದಿಟ್ಟಿಸಿ ನೋಡುವವನು ಹೊರಗಿನವನು ಎಂದು ಕೂಡಲೇ ಗೊತ್ತಾಗುತ್ತದೆ.

ಜರ್ಮನಿಯಲ್ಲಿ ಬಟ್ಟೆಯಿಲ್ಲದೆ ಗಾಳಿ ಬಿಸಿಲಿಗೆ ಮೈಯೊಡ್ಡುವುದು ಆರೋಗ್ಯ ಎಂಬ ಚಳವಳಿ ಹತ್ತೊಂಬತ್ತನೇ ಶತಮಾನದ ಕೊನೆಗೇ ಶುರುವಾಗಿತ್ತು. ಹಿಂದಿನ ಪೂರ್ವ ಜರ್ಮನಿಯಲ್ಲಿ ಅದು ಬಹಳ ಸಾಮಾನ್ಯ. ಬಾಲ್ಟಿಕ್ ಕರೆಯಲ್ಲಿ ಅದಕ್ಕೆಂದೇ ಎಫ್‌ಕೆಕೆ ಎಂಬ ಮೂರು ಅಕ್ಷರದ ಬೋರ್ಡು ಹಾಕಿದ ಭಾಗಗಳಿವೆ. ಅಲ್ಲಿ ಪೂರ್ತಿ ಬಟ್ಟೆ ಇಲ್ಲದಿರುವುದೇ ಕ್ರಮ. 2024ರಲ್ಲಿ ರಾಸ್ಟಾಕ್ ನಗರಸಭೆ ತನ್ನ ಕಡಲ ಕರೆಗೆ ಹೊಸ ನಿಯಮ ಮಾಡಿತು. ಅಂಥ ಭಾಗದಲ್ಲಿ ಬಟ್ಟೆ ಹಾಕಿಕೊಂಡು ಕೂತವರನ್ನು ಹೊರಗೆ ಹೋಗಿ ಎಂದು ಹೇಳಬಹುದು ಎಂದು! ನಮಗೆ ನಗು ಬರುತ್ತದೆ. ಆದರೆ ಅದರ ಹಿಂದಿನ ಕಾರಣ ಸರಿಯಾದದ್ದೇ: ಬರೇ ನೋಡಲು ಬಂದು ಕೂರುವವರಿಂದ ಅಲ್ಲಿದ್ದವರಿಗೆ ತೊಂದರೆ. ಬರ್ಲಿನಿನಲ್ಲಿ 2022ರ ಕೊನೆಗೆ ಒಬ್ಬ ಹೆಂಗಸು ದೂರು ಕೊಟ್ಟರು. ಈಜುಕೊಳದಲ್ಲಿ ಗಂಡಸರು ಮೇಲೆ ಬಟ್ಟೆಯಿಲ್ಲದೆ ಈಜಬಹುದಾದರೆ ನಾವೇಕೆ ಬಾರದು ಎಂದು. 2023ರ ಮಾರ್ಚಿಯಲ್ಲಿ ಅಲ್ಲಿಯ ಈಜುಕೊಳಗಳ ಆಡಳಿತ, ಹೆಂಗಸರಿಗೂ ಆ ಅವಕಾಶ ಉಂಟು ಎಂದು ಪ್ರಕಟಿಸಿತು.

ಹಾಗಾದರೆ ಯುರೋಪಿನಲ್ಲಿ ಹೇಗೆ ಬೇಕಾದರೂ ತಿರುಗಬಹುದೇ? ಇಲ್ಲ. ಅಲ್ಲಿ ಮರಳಿಗೆ ಒಂದು ನಿಯಮ, ಪೇಟೆಗೆ ಒಂದು ನಿಯಮ. ಸ್ಪೇನಿನ ಬಾರ್ಸಿಲೋನಾದಲ್ಲಿ ಕಡಲ ಕರೆಯಲ್ಲಿ ಮೇಲೆ ಬಟ್ಟೆಯಿಲ್ಲದೆ ಮಲಗಿದರೆ ಯಾರೂ ಕೇಳುವುದಿಲ್ಲ. ಅದೇ ನಗರದಲ್ಲಿ 2011ರಿಂದ ಈಜುಡುಗೆಯಲ್ಲಿ ಬೀದಿ ಸುತ್ತಿದರೆ ದಂಡ. ಇಟಲಿಯ ಸೊರೆಂಟೊ ಪಟ್ಟಣದ ಮೇಯರು 2022ರ ಜುಲೈಯಲ್ಲಿ ಇಂಥದೇ ಆಜ್ಞೆ ಹೊರಡಿಸಿದರು. ಬಿಕಿನಿ ಹಾಕಿ ಪೇಟೆಯಲ್ಲಿ ನಡೆಯುವ ಹೆಂಗಸರಿಗೂ, ಅಂಗಿ ತೆಗೆದು ನಡೆಯುವ ಗಂಡಸರಿಗೂ ಐನೂರು ಯೂರೋವರೆಗೆ ದಂಡ. ಗಂಡಸರಿಗೂ ಎಂಬುದನ್ನು ಗಮನಿಸಿ. ನಮ್ಮ ಕಡೆ ಎಷ್ಟೋ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆಯದಿದ್ದರೆ ಒಳಗೆ ಬಿಡುವುದಿಲ್ಲ. ಸೊರೆಂಟೊದಲ್ಲಿ ಅಂಗಿ ತೆಗೆದರೆ ದಂಡ. ಮೈ ಅದೇ, ನಿಂತ ಜಾಗ ಬೇರೆ.

ಫ್ರಾನ್ಸಿನ ವಿಷಯ ಇನ್ನೂ ವಿಚಿತ್ರ. 2020ರ ಆಗಸ್ಟಿನಲ್ಲಿ ಸೇಂಟ್ ಮಾರಿ ಲ ಮೇರ್ ಎಂಬ ಊರಿನ ಕರೆಯಲ್ಲಿ ಮಲಗಿದ್ದ ಹೆಂಗಸರಿಗೆ ಪೊಲೀಸರು ಮೇಲೆ ಬಟ್ಟೆ ಹಾಕಿಕೊಳ್ಳಿ ಎಂದರು. ದೇಶವೆಲ್ಲ ಗದ್ದಲವಾಯಿತು. ಅಲ್ಲಿಯ ಗೃಹಮಂತ್ರಿಯೇ, ಪೊಲೀಸರು ಮಾಡಿದ್ದು ತಪ್ಪು, ಸ್ವಾತಂತ್ರ್ಯ ಅಮೂಲ್ಯವಾದದ್ದು ಎಂಬ ಅರ್ಥದ ಮಾತು ಹೇಳಿದರು. ಅದಕ್ಕೆ ನಾಲ್ಕು ವರ್ಷ ಮೊದಲು, 2016ರಲ್ಲಿ, ಅದೇ ದೇಶದ ಕೆಲವು ಊರುಗಳ ಮೇಯರುಗಳು ಮೈ ಪೂರ್ತಿ ಮುಚ್ಚುವ ಬುರ್ಕಿನಿ ಎಂಬ ಈಜುಡುಗೆಯನ್ನು ಕಡಲ ಕರೆಯಲ್ಲಿ ನಿಷೇಧಿಸಿದ್ದರು. ಆಗಸ್ಟ್ 26ರಂದು ಅಲ್ಲಿಯ ಆಡಳಿತ ವಿಷಯದ ಅತಿ ದೊಡ್ಡ ನ್ಯಾಯಾಲಯ ಅಂಥ ಒಂದು ನಿಷೇಧವನ್ನು ತಡೆಯಿತು. ಆದರೆ 2022ರಲ್ಲಿ ಗ್ರೆನೋಬಲ್ ನಗರದ ಸಾರ್ವಜನಿಕ ಈಜುಕೊಳಗಳಲ್ಲಿ ಅದೇ ಉಡುಗೆಗೆ ಕೊಟ್ಟ ಅವಕಾಶವನ್ನು ಅದೇ ನ್ಯಾಯಾಲಯ ಒಪ್ಪಲಿಲ್ಲ. ಹೀಗೆ ಕಡಲಿಗೆ ಒಂದು, ಕೊಳಕ್ಕೆ ಒಂದು.

ಅಮೆರಿಕಕ್ಕೆ ಹೋದರೆ ರಾಜ್ಯಕ್ಕೊಂದು, ಊರಿಗೊಂದು. ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ಪಾರ್ಕಿನಲ್ಲಿ ಮೇಲ್ಬಟ್ಟೆ ತೆಗೆದ ಹೆಂಗಸರ ಮೇಲಿನ ಮೊಕದ್ದಮೆಯನ್ನು 1992ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯ ರದ್ದು ಮಾಡಿತು. ಮೇರಿಲ್ಯಾಂಡ್ ರಾಜ್ಯದ ಓಷನ್ ಸಿಟಿ ಎಂಬ ಕಡಲೂರು 2017ರಲ್ಲಿ ಅದನ್ನೇ ನಿಷೇಧಿಸಿತು. ಕೆಲವು ಹೆಂಗಸರು ಕೋರ್ಟಿಗೆ ಹೋದರೂ 2021ರಲ್ಲಿ ನಿಷೇಧವೇ ಗೆದ್ದಿತು. ಬ್ರೆಜಿಲ್ ದೇಶದ ಕಾರ್ನಿವಲ್ ಮೆರವಣಿಗೆಯ ಚಿತ್ರ ನೀವು ನೋಡಿರಬಹುದು. ಅಲ್ಲಿ ಸೊಂಟದಿಂದ ಮೇಲೆ ಬಣ್ಣ, ಗರಿ ಬಿಟ್ಟು ಬೇರೇನೂ ಇಲ್ಲದೆ ಕುಣಿಯುವವರಿದ್ದಾರೆ. ಆದರೆ ಅದೇ ದೇಶದ ಕಡಲ ಕರೆಯಲ್ಲಿ ಹೆಂಗಸರು ಮೇಲ್ಬಟ್ಟೆ ತೆಗೆದರೆ 1940ರ ದಂಡ ಸಂಹಿತೆಯ ಪ್ರಕಾರ ಕೇಸು ಹಾಕಬಹುದು, ಮೂರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ ಅಥವಾ ದಂಡ. ಚಿತ್ರ ನೋಡಿ ದೇಶದ ಕ್ರಮ ತಿಳಿಯಿತು ಎಂದುಕೊಳ್ಳಬಾರದು.

ಇನ್ನು ನಮ್ಮವರು ಹೆಚ್ಚಾಗಿ ಹೋಗುವ ಕಡೆಗಳು. ದುಬಾಯಿಯಲ್ಲಿ ಕಡಲ ಕರೆಗೆ ಈಜುಡುಗೆ ನಡೆಯುತ್ತದೆ, ಮೇಲ್ಬಟ್ಟೆ ಇಲ್ಲದಿರುವುದು ನಡೆಯುವುದಿಲ್ಲ. ಅಂಗಡಿ ಮಾಲುಗಳಲ್ಲಿ ಭುಜ, ಮೊಣಕಾಲು ಮುಚ್ಚಿರಬೇಕು ಎಂಬ ಬೋರ್ಡು ಇರುತ್ತದೆ. 2021ರ ಏಪ್ರಿಲಿನಲ್ಲಿ ದುಬಾಯಿಯ ಒಂದು ಕಟ್ಟಡದ ಬಾಲ್ಕನಿಯಲ್ಲಿ ಬಟ್ಟೆಯಿಲ್ಲದೆ ನಿಂತು ಫೋಟೋ ತೆಗೆಸಿಕೊಂಡ ವಿದೇಶಿ ಹೆಂಗಸರನ್ನು ಬಂಧಿಸಿ, ಮತ್ತೆ ದೇಶದಿಂದ ಹೊರಗೆ ಕಳಿಸಿದರು. ತಮ್ಮ ಬಾಲ್ಕನಿ ಎಂದರೂ ಬಿಡಲಿಲ್ಲ. ಮಾಲ್ದೀವ್ಸಿನಲ್ಲಿ ರಿಸಾರ್ಟಿನ ದ್ವೀಪ ಬೇರೆ, ಜನ ವಾಸಿಸುವ ದ್ವೀಪ ಬೇರೆ. ರಿಸಾರ್ಟಿನಲ್ಲಿ ಬಿಕಿನಿ ಸರಿ. ಊರಿರುವ ದ್ವೀಪದಲ್ಲಿ ಅದಕ್ಕೆಂದು ಗುರುತು ಮಾಡಿದ ಕರೆಯಲ್ಲಿ ಮಾತ್ರ. ಮೇಲ್ಬಟ್ಟೆ ಇಲ್ಲದೆ ಎಲ್ಲಿಯೂ ಇಲ್ಲ. 2020ರ ಫೆಬ್ರವರಿಯಲ್ಲಿ ಮಾಫುಶಿ ದ್ವೀಪದ ಬೀದಿಯಲ್ಲಿ ಬಿಕಿನಿಯಲ್ಲಿದ್ದ ಪ್ರವಾಸಿ ಹೆಂಗಸನ್ನು ಪೊಲೀಸರು ಎಳೆದಾಡಿದ ದೃಶ್ಯ ಲೋಕಕ್ಕೆಲ್ಲ ಹರಡಿತು. ಪೊಲೀಸರ ರೀತಿ ಸರಿಯಿರಲಿಲ್ಲ ಎಂದು ಅಲ್ಲಿಯ ಪೊಲೀಸ್ ಮುಖ್ಯಸ್ಥರೇ ಕ್ಷಮೆ ಕೇಳಿದರು. ಆದರೆ ನಿಯಮ ಬದಲಾಗಲಿಲ್ಲ. ಶ್ರೀಲಂಕಾದಲ್ಲಿಯೂ ಮೇಲ್ಬಟ್ಟೆ ಇಲ್ಲದೆ ಬಿಸಿಲಿಗೆ ಮಲಗುವುದಕ್ಕೆ ಒಪ್ಪಿಗೆ ಇಲ್ಲ. ಥಾಯ್ಲೆಂಡಿನಲ್ಲಿ ಐದು ಸಾವಿರ ಬಾಟ್‌ವರೆಗೆ ದಂಡ.

ಕಾನೂನಿಗಿಂತ ಮೊದಲಿನ ಇನ್ನೊಂದು ಸಂಗತಿ ಉಂಟು, ಅದು ನಂಬಿಕೆ. ಮಲೇಷ್ಯಾದ ಕಿನಬಾಲು ಬೆಟ್ಟ ಅಲ್ಲಿಯ ಮೂಲನಿವಾಸಿಗಳಿಗೆ ಪವಿತ್ರ, ಸತ್ತ ಹಿರಿಯರ ಆತ್ಮ ನೆಲೆಸುವ ಜಾಗ. 2015ರ ಮೇ 30ರಂದು ಕೆಲವು ವಿದೇಶಿ ಪ್ರವಾಸಿಗಳು ಅದರ ತುದಿಯಲ್ಲಿ ಬಟ್ಟೆ ಬಿಚ್ಚಿ ಫೋಟೋ ತೆಗೆದರು. ಜೂನ್ 5ರಂದು ಅಲ್ಲಿ ಭೂಕಂಪವಾಗಿ ಹದಿನೆಂಟು ಜನ ಸತ್ತರು. ಭೂಕಂಪಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನಾವು ಹೇಳಬಹುದು. ಆದರೆ ಸತ್ತವರ ನಡುವೆ ಕೂತು ಅಳುವ ಊರಿನವರಿಗೆ ಬೆಟ್ಟ ಸಿಟ್ಟಾಯಿತು ಎಂದೇ ಅನಿಸಿತು. ನಾಲ್ವರಿಗೆ ಮೂರು ದಿನ ಸೆರೆ, ತಲಾ ಐದು ಸಾವಿರ ರಿಂಗಿಟ್ ದಂಡವಾಯಿತು. ನಮ್ಮ ನಾಗಬನದೊಳಗೆ ಯಾರೋ ಬಂದು ಹಾಗೆ ಮಾಡಿದರೆ ನಮಗೆ ಹೇಗಾದೀತು? ಅಲ್ಲಿಯವರಿಗೂ ಹಾಗೆಯೇ ಆದದ್ದು.

ಇಷ್ಟೆಲ್ಲ ಕೇಳಿ, "ಆ ಪರದೇಶದ ಹೆಂಗಸರಿಗೆ ಮಾನವಿಲ್ಲ" ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಾವು ಮಲಯಾಳವನ್ನೂ ಓದುವವರು. ಮಾರುಮರಕ್ಕಲ್ ಸಮರದ ಕಥೆ ನಮಗೆ ಗೊತ್ತಿರಬೇಕು. ಹಳೆಯ ತಿರುವಾಂಕೂರು ಸಂಸ್ಥಾನದಲ್ಲಿ, ಇಂದಿನ ಕನ್ಯಾಕುಮಾರಿ ಜಿಲ್ಲೆಯ ಕಡೆ, ಕೆಳಜಾತಿ ಎಂದು ಕರೆಸಿಕೊಂಡ ನಾಡಾರ್ ಹೆಂಗಸರು ಮೇಲ್ಜಾತಿಯವರ ಎದುರಿಗೆ ಎದೆ ಮುಚ್ಚಿಕೊಳ್ಳುವಂತಿರಲಿಲ್ಲ. ಮುಚ್ಚಿಕೊಂಡರೆ ಬಟ್ಟೆ ಹರಿಯುತ್ತಿದ್ದರು, ಹೊಡೆಯುತ್ತಿದ್ದರು. ದಶಕಗಳ ಜಗಳದ ಮೇಲೆ 1859ರ ಜುಲೈ 26ರಂದು ಮಹಾರಾಜರ ಆಜ್ಞೆ ಬಂತು, ಮುಚ್ಚಿಕೊಳ್ಳಬಹುದು ಎಂದು. ಆಗಲೂ ಮೇಲ್ಜಾತಿಯ ಹೆಂಗಸರ ಹಾಗೆ ಉಡಬಾರದು ಎಂಬ ಷರತ್ತು ಇತ್ತು. ಈಗ ಇನ್ನೊಂದು ಕಥೆ. 1991ರ ಜುಲೈಯ ಸೆಕೆಯ ಒಂದು ದಿನ ಕೆನಡಾದ ಗೆಲ್ಫ್ ನಗರದಲ್ಲಿ ಗ್ವೆನ್ ಜೇಕಬ್ ಎಂಬ ವಿದ್ಯಾರ್ಥಿನಿ, ಗಂಡಸರ ಹಾಗೆ ಅಂಗಿ ತೆಗೆದು ನಡೆದರು. ಎಪ್ಪತ್ತೈದು ಡಾಲರು ದಂಡ ಬಿತ್ತು. ಅವರು ಬಿಡಲಿಲ್ಲ. 1996ರಲ್ಲಿ ಒಂಟೇರಿಯೊದ ಮೇಲ್ಮನವಿ ನ್ಯಾಯಾಲಯ ಅವರನ್ನು ನಿರ್ದೋಷಿ ಎಂದಿತು.

ಒಬ್ಬರು ಮುಚ್ಚಿಕೊಳ್ಳಲು ಹೋರಾಡಿದರು, ಇನ್ನೊಬ್ಬರು ತೆಗೆಯಲು. ನಾಡಾರ್ ಹೆಂಗಸರು ಪಟ್ಟ ಪೆಟ್ಟಿಗೂ ಎಪ್ಪತ್ತೈದು ಡಾಲರಿನ ದಂಡಕ್ಕೂ ಹೋಲಿಕೆಯಿಲ್ಲ, ಅದು ನನಗೆ ಗೊತ್ತು. ಆದರೆ ಇಬ್ಬರೂ ಕೇಳಿದ ಪ್ರಶ್ನೆ ಒಂದೇ: ನನ್ನ ಮೈ ಮೇಲಿನ ಬಟ್ಟೆಯ ತೀರ್ಮಾನ ಮಾಡುವವರು ಯಾರು? ಆ ವಾರ್ನೆಮ್ಯುಂಡೆಯ ಹೆಂಗಸೂ ನನಗೆ ಅದನ್ನೇ ಹೇಳಿದ್ದು. ಬಟ್ಟೆ ತೆಗೆಯುವ ತೀರ್ಮಾನ ಅವರದು. ಅದನ್ನು ಚಿತ್ರ ಮಾಡಿ ಕಾಸರಗೋಡಿನ ನಲುವತ್ತು ಮನೆಗಳಿಗೆ ಕಳಿಸುವ ತೀರ್ಮಾನ ನನ್ನದಲ್ಲ.

ನಮ್ಮ ದೇಶದ ನಿಯಮವನ್ನೂ ಹೇಳಬೇಕು. ಬೇಕಲಕ್ಕೆ, ಕೋವಳಕ್ಕೆ, ಗೋವೆಗೆ ವಿದೇಶದವರು ಬರುತ್ತಾರೆ. ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರುಕುಳವಾಗುವಂತೆ ಅಶ್ಲೀಲವಾಗಿ ನಡೆದರೆ ಹಿಂದೆ ಐಪಿಸಿ 294ನೇ ಕಲಂ ಇತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ. ಮೂರು ತಿಂಗಳವರೆಗೆ ಸಜೆ, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬಂದ ಅತಿಥಿಗೆ ಇದು ಗೊತ್ತಿಲ್ಲದಿದ್ದರೆ ಆಟೋದವರು, ಲಾಡ್ಜಿನವರು ಮೆಲ್ಲಗೆ ತಿಳಿಸಿ ಹೇಳಿ. ಸುತ್ತ ಗುಂಪು ಕಟ್ಟಿ ಮೊಬೈಲು ಹಿಡಿಯಬೇಡಿ. ನನಗೆ ಅಲ್ಲಿ ಆದ ನಾಚಿಕೆ ಅವರಿಗೆ ಇಲ್ಲಿ ಆಗುವುದು ಬೇಡ.

ಕೊನೆಗೆ, ಹೊರಡುವವರಿಗೆ ನಾಲ್ಕು ಮಾತು. ಒಂದು, ಕಡಲ ಕರೆಗೆ ಹೋಗುವ ಮೊದಲು ಮಕ್ಕಳನ್ನೋ ಹೋಟೆಲಿನವರನ್ನೋ ಕೇಳಿ, ಬೋರ್ಡು ಇದ್ದರೆ ಓದಿಸಿಕೊಳ್ಳಿ. ಒಂದೇ ಕರೆಯಲ್ಲಿ ನೂರು ಮಾರು ಆಚೆಗೆ ನಿಯಮ ಬೇರೆಯಾಗಬಹುದು. ಎರಡು, ಮರಳು ದಾಟಿ ರಸ್ತೆಗೆ ಬರುವಾಗ ಅಂಗಿ, ಪ್ಯಾಂಟು ಹಾಕಿಕೊಳ್ಳಿ. ದೇವಸ್ಥಾನ, ಚರ್ಚು, ಮಸೀದಿಯ ಹತ್ತಿರವಂತೂ ಮರೆಯಬೇಡಿ. ಮೂರು, ಮೊಬೈಲು ಚೀಲದಲ್ಲಿರಲಿ. ಮಕ್ಕಳ ಫೋಟೋ ಬೇಕಾದರೆ ಹಿಂದೆ ಬರೇ ನೀರು ಇರುವ ಹಾಗೆ ನಿಂತು ತೆಗೆಯಿರಿ. ನಾಲ್ಕು, ನಿಮ್ಮ ಸೀರೆಗೆ, ಪಂಚೆಗೆ ನೀವು ನಾಚಬೇಕಾಗಿಲ್ಲ. ಬೋರ್ಡು ಹಾಕಿದ ಆ ವಿಶೇಷ ಭಾಗ ಬಿಟ್ಟರೆ, ಬಟ್ಟೆ ತೆಗೆಯಿರಿ ಎಂದು ನಿಮಗೆ ಯಾರೂ ಹೇಳುವುದಿಲ್ಲ. ನನ್ನ ಮನೆಯವಳು ಆ ದಿನ ಸೀರೆಯಲ್ಲೇ ಮೊಣಕಾಲುದ್ದ ನೀರಿಗಿಳಿದು ಮೊಮ್ಮಗನ ಜತೆ ಆಡಿದಳು. ಯಾರೂ ತಿರುಗಿ ನೋಡಲಿಲ್ಲ.

ಮೊಮ್ಮಗ ಕಟ್ಟಿದ ಮರಳಿನ ಗುಡ್ಡದ ಫೋಟೋ ನನ್ನ ಹತ್ತಿರ ಇಲ್ಲ. ಬೇಸರ ಉಂಟು, ಆದರೆ ದೂರು ಇಲ್ಲ. ಬಟ್ಟೆಯ ನಿಯಮ ಊರಿಂದೂರಿಗೆ ಬದಲಾಗುತ್ತದೆ, ಕೇಳಿ ತಿಳಿಯಬೇಕು. ಕಣ್ಣಿನ ಮರ್ಯಾದೆ ಮಾತ್ರ ಕೇಳಿ ತಿಳಿಯುವಂಥದಲ್ಲ. ನಮ್ಮ ಹಿರಿಯರು ಕೆರೆಯ ದಾರಿಯಲ್ಲಿ ಕೆಮ್ಮಿ ನಡೆದದ್ದನ್ನು ನೆನಪಿಟ್ಟುಕೊಂಡು ಹೋದರೆ ಸಾಕು, ಯಾವ ಕಡಲ ಕರೆಯಲ್ಲೂ ತಲೆ ತಗ್ಗಿಸಬೇಕಾಗಿ ಬರುವುದಿಲ್ಲ.